ನುಸಿಗುಳಿಗೆಯ ಸೀರೆ ಕೂಸಿನ ಕೌದಿಗೆ ಬೇಡ

ಪ್ರಶ್ನೆ: ತಂಗಿಗೆ ಹೆರಿಗೆಯಾಗಿದೆ. ಅಮ್ಮನ ಟ್ರಂಕಿನಲ್ಲಿ ನಾಲ್ಕು ಹಳೆಯ ಸೀರೆಗಳಿವೆ: ಎರಡು ರೇಷ್ಮೆ, ಒಂದು ಇಳಕಲ್, ಒಂದು ನೈಲಾನ್. ನಾಲ್ಕನ್ನೂ ಸೇರಿಸಿ ಕೂಸಿಗೆ ಕೌದಿ ಹೊಲಿದು ಉಡುಗೊರೆ ಕೊಡಬೇಕೆಂದಿದ್ದೇನೆ. ಬೇಗ ಮುಗಿಯುವ ವಿಧಾನ ತಿಳಿಸಿ. (ಗದಗಿನ ಓದುಗರು)

ಉತ್ತರ: ಹೆಚ್ಚುಕಡಿಮೆ ಇದೇ ಮಾತಿನ ಪತ್ರ ನನಗೆ ಪ್ರತಿ ತಿಂಗಳೂ ಬರುತ್ತದೆ. ಎಲ್ಲರೂ ಹೊಲಿಗೆಯ ವಿಧಾನ ಕೇಳುತ್ತಾರೆಯೇ ಹೊರತು, ಆ ಟ್ರಂಕಿನಲ್ಲಿ ನುಸಿಗುಳಿಗೆ ಇತ್ತೇ ಎಂಬುದನ್ನು ಒಬ್ಬರೂ ಬರೆಯುವುದಿಲ್ಲ. ಆದ್ದರಿಂದ ಹೊಲಿಗೆಯ ಮಾತು ಆಮೇಲೆ.

ನುಸಿಗುಳಿಗೆ ಎಂದರೆ ಬಹುಮಟ್ಟಿಗೆ ನ್ಯಾಫ್ತಲೀನ್. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಬಟ್ಟೆಯ ಎಳೆಯೆಳೆಯಲ್ಲೂ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಮಡಿಸಿಟ್ಟ ಸೀರೆಯ ಒಳಮಡಿಕೆಯನ್ನು ಬಿಡಿಸಿದರೆ ಮುಖಕ್ಕೆ ಹೊಡೆಯುವ ವಾಸನೆ ಅದರದೇ. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಕೂಸು ಈ ಆವಿಯನ್ನು ಉಸಿರಾಡಿದರೆ ಅದರ ರಕ್ತದ ಕೆಂಪು ಕಣಗಳು ಒಡೆಯುತ್ತವೆ, ಕಾಮಾಲೆ ಏರುತ್ತದೆ, ಅದು ಮಿದುಳಿಗೆ ಹಾನಿ ಮಾಡುವ ಮಟ್ಟಕ್ಕೂ ಹೋಗಬಲ್ಲದು. ಈ ಕೊರತೆ ಕೂಸನ್ನು ನೋಡಿದರೆ ತಿಳಿಯುವಂಥದಲ್ಲ. ನಾನು ಬಟ್ಟೆಯ ಕೆಲಸದವಳು, ವೈದ್ಯೆಯಲ್ಲ. ಆದರೂ ಈ ವಿಷಯದಲ್ಲಿ ನನಗೆ ರಾಜಿ ಸಾಧ್ಯವಿಲ್ಲ. ಒಂದು ದಿನ ಬಿಸಿಲಿಗೆ ಹಾಕಿದರೆ ಸಾಕು, ಒಂದಿಷ್ಟು ಸುಗಂಧ ಚಿಮುಕಿಸಿದರೆ ವಾಸನೆ ಹೋಗುತ್ತದೆ ಎಂದು ಹೇಳಿಕೊಡುವವರ ಮಾತನ್ನು ದಯವಿಟ್ಟು ಕೇಳಬೇಡಿ. ಸುಗಂಧವು ವಾಸನೆಯನ್ನು ಮುಚ್ಚುತ್ತದೆಯೇ ವಿನಾ ನ್ಯಾಫ್ತಲೀನನ್ನು ತೆಗೆಯುವುದಿಲ್ಲ. ನುಸಿಗುಳಿಗೆಯ ಜೊತೆಗಿದ್ದ ಸೀರೆಯನ್ನು ಹಲವು ಬಾರಿ ಒಗೆದು, ವಾರಗಟ್ಟಲೆ ಗಾಳಿಗೆ ಹರವಿ, ದೊಡ್ಡವರ ಹಾಸಿಗೆಗೆ ಬಳಸಿಕೊಳ್ಳಿ. ಕೂಸಿಗೆ ದಿನವೂ ಉಟ್ಟು ಒಗೆದು ಮೆತ್ತಗಾದ ಸೀರೆಯೇ ಬೇಕು. ನಮ್ಮ ಅಜ್ಜಿಯರು ಬಾಣಂತಿಯ ಕೋಣೆಗೆ ಅಂಥದ್ದನ್ನೇ ಆರಿಸಿಕೊಡುತ್ತಿದ್ದರು.

ಇನ್ನು ನಿಮ್ಮ ನಾಲ್ಕು ಸೀರೆಗಳ ವಿಚಾರ. ನೈಲಾನ್ ಬೆವರನ್ನು ಹೀರುವುದಿಲ್ಲ, ಅದನ್ನು ಬಿಡಿ. ರೇಷ್ಮೆಯನ್ನೂ ಬಿಡಿ, ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಹತ್ತಿಯ ಜೊತೆ ಒಗೆದಾಗ ಎರಡೂ ಬೇರೆ ಬೇರೆ ಅಳತೆಗೆ ಕುಗ್ಗಿ ಕೌದಿ ಸುಕ್ಕುಗಟ್ಟುತ್ತದೆ, ಜರಿ ಎಳೆಗೂಸಿನ ಚರ್ಮವನ್ನು ಗೀರುತ್ತದೆ. ಉಳಿದದ್ದು ಇಳಕಲ್. ಅದರ ಒಡಲು ಹತ್ತಿಯದಾಗಿದ್ದರೆ, ಅದು ನುಸಿಗುಳಿಗೆಯನ್ನು ಕಂಡಿರದಿದ್ದರೆ, ನಿಮ್ಮ ಕೌದಿ ಅದರಲ್ಲೇ ಇದೆ. ಆ ಸೀರೆಯ ರೇಷ್ಮೆ ಸೆರಗನ್ನು ಒಡಲಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಅದನ್ನೇ ತೋಪು ತೆನಿ ಎನ್ನುತ್ತಾರೆ. ಆ ಕೂಡಿಕೆಯಿಂದ ನಾಲ್ಕು ಬೆರಳು ಒಡಲಿನ ಕಡೆಗೆ ಸರಿದು ಕತ್ತರಿಸಿ ಸೆರಗನ್ನು ಇಡಿಯಾಗಿ ಉಳಿಸಿಕೊಳ್ಳಿ, ದಡಿಯನ್ನೂ ಬೇರ್ಪಡಿಸಿ.

ಕತ್ತರಿ ಹಾಕುವ ಮುನ್ನ ಬಟ್ಟೆಯ ಬಲ ನೋಡಬೇಕು. ಎರಡೂ ಹೆಬ್ಬೆರಳುಗಳನ್ನು ಪಕ್ಕಪಕ್ಕದಲ್ಲಿ ಒತ್ತಿ ಹಿಡಿದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಎಳೆಯಿರಿ. ಗಟ್ಟಿ ಬಟ್ಟೆ ಸುಮ್ಮನಿರುತ್ತದೆ. ಸತ್ತ ಬಟ್ಟೆ ಚರ್ ಎಂದು ಸಣ್ಣಗೆ ಸದ್ದು ಮಾಡುತ್ತದೆ. ಮುಂಜಾನೆಯ ಬೆಳಕಿಗೆ ಹಿಡಿದರೆ ಕೂರುವ ಜಾಗದಲ್ಲಿ ನೇಯ್ಗೆ ಜರಡಿಯಂತೆ ತೆಳುವಾಗಿರುವುದು ಕಾಣುತ್ತದೆ, ಆ ಭಾಗವನ್ನು ಒಳಪದರಕ್ಕೆ ಹಾಕಿ. ಕೆಂಪು, ಕಪ್ಪು ಬಣ್ಣವಾಗಿದ್ದರೆ ಒದ್ದೆ ಬಿಳಿ ಕರವಸ್ತ್ರವನ್ನು ಮೇಲಿಟ್ಟು ಇಸ್ತ್ರಿ ಒತ್ತಿ ನೋಡಿ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಅದು ಕೂಸಿನ ಬಾಯಿಗೂ ಹತ್ತುತ್ತದೆ.

ಆರು ಗಜದ ಸೀರೆಯ ಉದ್ದ ಸುಮಾರು 5.5 ಮೀಟರ್. ಸೆರಗು ತೆಗೆದ ಮೇಲೂ 90 ಸೆಂಟಿಮೀಟರ್ ಚೌಕದ ನಾಲ್ಕೈದು ತುಂಡುಗಳು ಸಿಗುತ್ತವೆ, ಕೂಸಿನ ಕೌದಿಗೆ ಮೂರು ಪದರ ಸಾಕು. ಪದರಗಳನ್ನು ನೆಲದ ಮೇಲೆ ಹರಡಿ, ಸುಕ್ಕು ಸವರಿ, ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿ ಹಿಡಿಸಿಕೊಳ್ಳಿ. ಈ ಹಂತವನ್ನು ಬಿಟ್ಟ ಕೌದಿಗಳೇ ನನ್ನ ಬಳಿ ದುರಸ್ತಿಗೆ ಬರುವುದು. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತಾ ಹೋಗುತ್ತಾರೆ. ಅವರ ಕೈಯ ಹದ ನನಗೆ ತುಂಬಾ ಇಷ್ಟ, ಸಾಲುಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಒಂದೆಡೆ ದಾರ ಹರಿದರೂ ಉಳಿದ ಸಾಲುಗಳು ಬಟ್ಟೆಯನ್ನು ಬಿಟ್ಟುಕೊಡುವುದಿಲ್ಲ. ಬೇಗ ಮುಗಿಸುವ ವಿಧಾನ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇಲ್ಲ. ಮಣಿ, ಕನ್ನಡಿ, ಗುಂಡಿ, ಗೊಂಡೆ ಯಾವುದೂ ಬೇಡ. ಮುಗಿದ ಕೌದಿಯನ್ನು ಕೂಸಿನ ಮೈಕೆಳಗೆ ಬಿಗಿಯಾಗಿ ಹಾಸಬೇಕು. ಮೊದಲ ವರ್ಷ ಮಲಗಿದ ಕೂಸಿಗೆ ಹೊದಿಸಬಾರದು.

ಪ್ರಶ್ನೆ: ಹಳೆಯ ಬಟ್ಟೆಯ ತುಂಡುಗಳನ್ನು ಫೆವಿಕಾಲ್ ಹಾಕಿ ಅಂಟಿಸಿ ಬಾಗಿಲ ತೋರಣ ಮಾಡಬಹುದೇ?

ಉತ್ತರ: ಮೊದಲ ಮಳೆಯ ಇರಚಲಿಗೇ ಅಂಟು ಬಿಡುತ್ತದೆ, ಹೊಲಿಯಿರಿ.

ಪ್ರಶ್ನೆ: ಗುಜರಿಯ ಗಾಜಿನ ಬಾಟಲಿಗೆ ಸೀಮೆಎಣ್ಣೆಯಲ್ಲಿ ನೆನೆಸಿದ ದಾರ ಸುತ್ತಿ, ಬೆಂಕಿ ಹಚ್ಚಿ, ತಣ್ಣೀರಿನಲ್ಲಿ ಮುಳುಗಿಸಿ ಕತ್ತರಿಸುವ ವಿಡಿಯೊ ನೋಡಿದೆ. ಮಕ್ಕಳ ಕೈಯಲ್ಲಿ ಮಾಡಿಸಬಹುದೇ?

ಉತ್ತರ: ಮಕ್ಕಳ ಕೈಯಲ್ಲೂ ಬೇಡ, ನಿಮ್ಮ ಕೈಯಲ್ಲೂ ಬೇಡ.

ಪ್ರಶ್ನೆ: ಜರಿ ಸೀರೆ ಕೊಳ್ಳುವವರು ಮನೆಬಾಗಿಲಿಗೆ ಬಂದು, ಒಂದು ಎಳೆ ಸುಟ್ಟು ತೋರಿಸಿ, ಇದರಲ್ಲಿ ಬೆಳ್ಳಿಯಿಲ್ಲ ಎನ್ನುತ್ತಾರೆ. ಕೊಟ್ಟಷ್ಟಕ್ಕೆ ಕೊಡಲೇ?

ಉತ್ತರ: ಕೊಡಬೇಡಿ. ಎಳೆ ಸುಟ್ಟರೆ ರೇಷ್ಮೆಯೋ ಪಾಲಿಯೆಸ್ಟರೋ ತಿಳಿಯುತ್ತದೆ: ರೇಷ್ಮೆ ಕೂದಲು ಸುಟ್ಟಂತೆ ನಾರಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ಬೆಳ್ಳಿಯ ಪ್ರಮಾಣ ಅದರಿಂದ ತಿಳಿಯುವುದಿಲ್ಲ. ಸರ್ಕಾರಿ ಕಾರ್ಖಾನೆಯ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿಯೇ ಇರುತ್ತದೆ, ಅಂಥ ಸೀರೆಯನ್ನೂ ಸ್ಟೀಲ್ ಪಾತ್ರೆಗೆ ಬದಲಾಯಿಸಿಕೊಂಡವರನ್ನು ನಾನು ಕಂಡಿದ್ದೇನೆ. ಮಾರಲೇಬೇಕೆಂದಿದ್ದರೆ ಲೋಹ ಪರೀಕ್ಷಿಸುವ ಯಂತ್ರವಿರುವ ಅಂಗಡಿಗೆ ನೀವೇ ಒಯ್ಯಿರಿ. ಮಾರುವುದಿಲ್ಲವಾದರೆ ಆ ಸೀರೆಯ ಸೆರಗನ್ನು ಒಗೆದ ಬಿಳಿ ಹತ್ತಿ ಬಟ್ಟೆಯ ಮೇಲೆ ಸಣ್ಣ ಹೊಲಿಗೆಯಲ್ಲಿ ಕೂಡಿಸಿ, ಗಾಜು ಸೆರಗಿಗೆ ತಾಗದಂತೆ ಚೌಕಟ್ಟು ಹಾಕಿಸಿ, ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.