ಆಡಿಗೊಂದು ಜಾಗ ಹುಡುಕಲು ನಾಲ್ಕು ವರ್ಷ

ನಮಸ್ಕಾರ ಮೇಷ್ಟ್ರೇ,

ತೀರ್ಥಹಳ್ಳಿ ಕಡೆಯಿಂದ ನೀವು ಬರೆದ ಪತ್ರ ಬಂತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು, ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿ ಏನಿದೆ ಅಂತ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಚಿತ್ರಕಾರ ರಾಬರ್ಟ್ ರೌಶೆನ್‌ಬರ್ಗ್ ಬಗ್ಗೆ ನಾವು ಹಾಕಿದ ಲೇಖನ ನಿಮಗೆ ಸಿಟ್ಟು ತರಿಸಿದೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಲೇ ನಿವೃತ್ತರಾದವರು ನೀವು. ಹೊಟ್ಟೆಗೆ ಟೈರು ಸಿಕ್ಕಿಸಿಕೊಂಡ ಆಡಿನ ಫೋಟೋ ನೋಡಿ, ಇದು ಚಿತ್ರ ಹೇಗಾಗುತ್ತದೆ, ಬರೆಯಲು ಬಾರದವರು ಸಿಕ್ಕಿದ್ದನ್ನೆಲ್ಲ ಅಂಟಿಸುತ್ತಾರೆ ಅಷ್ಟೇ ಅಲ್ವಾ ಅಂತ ಕೇಳಿದ್ದೀರಿ. ಕೊನೆಗೆ ಮೊಮ್ಮಗಳ ವಿಷಯ. ಚಿತ್ರಕಲಾ ಕಾಲೇಜಿಗೆ ಸೇರಿರುವ ಅವಳು ಕ್ಯಾನ್ವಾಸಿಗೆ ಬಸ್ ಟಿಕೆಟ್ಟು, ಸೀರೆಯ ಅಂಚು, ಅಡಿಕೆ ಹಾಳೆ ಎಲ್ಲಾ ಅಂಟಿಸುತ್ತಿದ್ದಾಳೆ, ಅವಳಿಗೆ ಏನು ಹೇಳಲಿ ಅಂತ.

ಮೊದಲು ಆ ಆಡಿನ ಕತೆ ಕೇಳಿ. ನ್ಯೂಯಾರ್ಕಿನಲ್ಲಿ ಹಳೆಯ ಆಫೀಸ್ ಕುರ್ಚಿ ಮೇಜು ಮಾರುವ ಅಂಗಡಿಯೊಂದರಲ್ಲಿ ರೌಶೆನ್‌ಬರ್ಗ್‌ಗೆ ಅದು ಕಾಣಿಸಿತು. ಹುಲ್ಲು ತುಂಬಿ ನಿಲ್ಲಿಸಿದ್ದ ಅಂಗೋರಾ ಆಡು. ಬೆಲೆ 35 ಡಾಲರ್, ಇವರ ಕೈಯಲ್ಲಿ ಇದ್ದದ್ದು 15. ಅಷ್ಟನ್ನೇ ಕೊಟ್ಟು ತಂದರು. ಮೂತಿ ಹಾಳಾಗಿತ್ತು, ಅದಕ್ಕೆ ಬಣ್ಣ ಬಳಿದರು. ಇದು 1955ರ ಮಾತು. ಕೃತಿ ಮುಗಿದದ್ದು 1959ರಲ್ಲಿ. ಆ ನಾಲ್ಕು ವರ್ಷ ಏನಾಯ್ತು ಅನ್ನೋದೇ ನಿಮ್ಮ ಪ್ರಶ್ನೆಗೆ ಉತ್ತರ ಅಂತ ನನಗೆ ಅನಿಸುತ್ತದೆ.

ಮೊದಲು ಗೋಡೆಗೆ ತೂಗುಹಾಕಿದ ಚಿತ್ರದಲ್ಲೇ ಒಂದು ಹಲಗೆ ಕೂರಿಸಿ, ಅದರ ಮೇಲೆ ಆಡನ್ನು ನಿಲ್ಲಿಸಿದರು. ಒಂದು ಮಗ್ಗುಲು ಮಾತ್ರ ಕಾಣುತ್ತಿತ್ತು. ಸರಿಹೋಗಲಿಲ್ಲ. ಆಮೇಲೆ ಕೆಳಗಿಳಿಸಿ, ಟೈರು ತೊಡಿಸಿ, ಹಿಂದೆ ಎತ್ತರದ ಚಿತ್ರವೊಂದನ್ನು ನೆಟ್ಟಗೆ ನಿಲ್ಲಿಸಿದರು. ಈಗ ಆಡು ಆ ಚಿತ್ರವನ್ನು ಎಳೆದುಕೊಂಡು ಹೋಗುತ್ತಿರುವ ಹಾಗೆ ಕಾಣತೊಡಗಿತು. ಅದೂ ಸರಿಹೋಗಲಿಲ್ಲ. ಕೊನೆಗೆ ಗೆಳೆಯ ಜಾಸ್ಪರ್ ಜಾನ್ಸ್ ಕೊಟ್ಟ ಸಲಹೆಯಂತೆ ಚಿತ್ರವನ್ನೇ ನೆಲಕ್ಕೆ ಮಲಗಿಸಿ, ಆಡನ್ನು ಅದರ ನಡುವೆ ನಿಲ್ಲಿಸಿದಾಗ ಎಲ್ಲಾ ಕೂಡಿ ಬಂತು. ಕಾಲ ಕೆಳಗಿನ ಹಲಗೆಯಲ್ಲಿ ಬಣ್ಣ ಇದೆ, ಅಂಗಿಯ ತೋಳು ಇದೆ, ಶೂವಿನ ರಬ್ಬರ್ ಹಿಮ್ಮಡಿ ಇದೆ, ಅಕ್ಷರಗಳಿವೆ, ಟೆನಿಸ್ ಚೆಂಡು ಇದೆ, ಮತ್ತು ಆಡು ತನ್ನ ಹುಲ್ಲುಗಾವಲಿನಲ್ಲಿ ನಿಂತ ಹಾಗೆ ಅದರ ಮೇಲೆ ಆರಾಮವಾಗಿ ನಿಂತಿದೆ. ಈಗ ಅದು ಸ್ಟಾಕ್‌ಹೋಮಿನ ಮ್ಯೂಸಿಯಂನಲ್ಲಿದೆ. ಹೆಸರು ಮೊನೊಗ್ರಾಮ್.

ಟೈರು ತೊಡಿಸುವುದಕ್ಕೆ ಎಷ್ಟು ಹೊತ್ತು ಬೇಕು ಹೇಳಿ? ಆಡು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಕ್ಕೆ ಅಷ್ಟು ಕಾಲ ಬೇಕಾಯಿತು. ಬೋರ್ಡಿನ ಮೇಲೆ ಹೂಜಿ, ಬಾಳೆಹಣ್ಣು, ಲೋಟ ಬರೆಸುವಾಗ "ಲೋಟ ಸ್ವಲ್ಪ ಈ ಕಡೆ ಬರಲಿ" ಅಂತ ನೀವು ಹುಡುಗರಿಗೆ ಹೇಳುತ್ತಿದ್ದಿರಲ್ಲ, ಅದೇ ಕೆಲಸ ಇದು.

ಬರೆಯಲು ಬರುತ್ತಿತ್ತಾ? ಬರುತ್ತಿತ್ತು. ಹುಟ್ಟಿದ್ದು 1925ರಲ್ಲಿ, ಟೆಕ್ಸಾಸಿನ ಪೋರ್ಟ್ ಆರ್ಥರ್ ಅನ್ನುವ ಎಣ್ಣೆ ಸಂಸ್ಕರಣೆಯ ಊರಿನಲ್ಲಿ. ಯುದ್ಧದ ಕಾಲಕ್ಕೆ ನೌಕಾಪಡೆ ಸೇರಿದ್ದರು. ಆಗ ಕ್ಯಾಲಿಫೋರ್ನಿಯಾದಲ್ಲಿ ಹಳೆಯ ವರ್ಣಚಿತ್ರಗಳನ್ನು ಕಣ್ಣಾರೆ ಕಂಡ ಮೇಲೇ, ಚಿತ್ರ ಬರೆಯುವುದನ್ನೇ ಬದುಕು ಮಾಡಿಕೊಳ್ಳಬಹುದು ಅಂತ ಹೊಳೆದದ್ದು. ಸರ್ಕಾರ ಸೈನಿಕರಿಗೆ ಕೊಟ್ಟ ಹಣದಲ್ಲಿ ಓದಿ, 1948ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಬಂದರು. ಅಲ್ಲಿ ಸಿಕ್ಕ ಗುರು ಜೋಸೆಫ್ ಆಲ್ಬರ್ಸ್ ಬಹಳ ಬಿಗಿ ಮನುಷ್ಯ. ಎಲೆ, ಕಾಗದ, ತಂತಿ ಪಕ್ಕಪಕ್ಕ ಇಡಿಸಿ, ಒಂದರ ಪಕ್ಕ ಇನ್ನೊಂದು ಹೇಗೆ ಬದಲಾಗಿ ಕಾಣುತ್ತದೆ ನೋಡಿ ಅಂತ ಪಾಠ ಮಾಡುತ್ತಿದ್ದವರು. ಇಬ್ಬರಿಗೂ ಹೊಂದಿಕೆಯಾಗುತ್ತಿರಲಿಲ್ಲ. ಆದರೂ ತನಗೆ ಸಿಕ್ಕ ದೊಡ್ಡ ಗುರು ಇವರೇ ಅಂತ ರೌಶೆನ್‌ಬರ್ಗ್ ಮುಂದೆ ಹೇಳುತ್ತಲೇ ಬಂದರು. 1958ರಿಂದ 1960ರವರೆಗೆ ಇಟಲಿಯ ಹಳೆಯ ಕವಿ ಡಾಂಟೆಯ ನರಕದ ಕಾವ್ಯಕ್ಕೆ, ಸರ್ಗಕ್ಕೊಂದರಂತೆ 34 ಚಿತ್ರ ಬರೆದರು. ಪತ್ರಿಕೆಯ ಫೋಟೋವನ್ನು ದ್ರಾವಕದಲ್ಲಿ ಒದ್ದೆ ಮಾಡಿ, ಕಾಗದದ ಮೇಲೆ ಮಗುಚಿ, ಹಿಂಬದಿಯಿಂದ ಗೀರಿ ಗೀರಿ ಇಳಿಸಿಕೊಳ್ಳುವುದು, ಅದರ ಮೇಲೆ ಪೆನ್ಸಿಲ್ಲು, ಜಲವರ್ಣ. ಆ ಚಿತ್ರಗಳನ್ನು ನೀವು ಒಮ್ಮೆ ನೋಡಬೇಕು.

ಬಡತನದ ಪಾಲೂ ಇದೆ. 1955ರ ಬೆಡ್ ಅನ್ನುವ ಕೃತಿಗೆ ಕ್ಯಾನ್ವಾಸ್ ಕೊಳ್ಳಲು ದುಡ್ಡಿರಲಿಲ್ಲ ಅಂತ ಕೌದಿಯನ್ನೇ ಚೌಕಟ್ಟಿಗೆ ಬಿಗಿದು, ದಿಂಬು ಸೇರಿಸಿ ಬಣ್ಣ ಸುರಿದರು. ಲೇಬಲ್ ಕಿತ್ತುಹೋದ ಡಬ್ಬಿ ಬಣ್ಣ ಅಗ್ಗಕ್ಕೆ ಸಿಗುತ್ತಿತ್ತು. ತೆರೆದಾಗ ಯಾವ ಬಣ್ಣ ಬಂತೋ ಅದೇ. ಮನೆಯ ಸುತ್ತಿನ ಬೀದಿಗಳಲ್ಲಿ ಒಂದು ಸುತ್ತು ಹಾಕಿ ಸಿಕ್ಕಿದ್ದರಲ್ಲೇ ಕೆಲಸ ಮಾಡಬೇಕು ಅಂತ ನಿಯಮ ಹಾಕಿಕೊಂಡಿದ್ದರು. ಆದರೆ ಬಡತನ ಅಂತ ಹೇಳಿ ಕೈತೊಳೆದುಕೊಂಡರೆ ಆಗುವುದಿಲ್ಲ. ಯಾಕೆಂದರೆ 1964ರಲ್ಲಿ ವೆನಿಸ್ ಬಿನಾಲೆಯಲ್ಲಿ, ಅಂದರೆ ಇಟಲಿಯ ವೆನಿಸ್ಸಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನದಲ್ಲಿ, ವರ್ಣಚಿತ್ರದ ದೊಡ್ಡ ಬಹುಮಾನ ಬಂತು. ಆಗ ಅವರು ಫೋಟೋಗಳನ್ನು ಸಿಲ್ಕ್‌ಸ್ಕ್ರೀನ್ ಮೂಲಕ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯಿಂದ ಬಣ್ಣ ಒತ್ತಿ, ಕ್ಯಾನ್ವಾಸಿಗೆ ಇಳಿಸಿ ಹೆಸರು ಮಾಡಿದ್ದರು. ಬೇಕೆಂದಷ್ಟು ಮಾಡಿ ಮಾರಬಹುದಿತ್ತು. ಬಹುಮಾನ ಬಂದ ಕೂಡಲೇ ನ್ಯೂಯಾರ್ಕಿಗೆ ಫೋನ್ ಮಾಡಿ, ಸ್ಟುಡಿಯೋದಲ್ಲಿರುವ ಆ ಸ್ಕ್ರೀನ್‌ಗಳನ್ನೆಲ್ಲ ನಾಶಮಾಡಿ ಅಂದರು. ಕೈಗೆ ಸುಲಭವಾಗಿಬಿಟ್ಟ ದಾರಿಯನ್ನು ಹಾಗೆ ಬಿಡುವುದು ಎಷ್ಟು ಜನರಿಂದ ಆಗುತ್ತದೆ?

ಅದೇ ವರ್ಷ ಮರ್ಸ್ ಕನಿಂಗ್‌ಹ್ಯಾಮ್ ನೃತ್ಯತಂಡದ ಜೊತೆ, ವೇಷಭೂಷಣ ಮತ್ತು ಬೆಳಕು ನೋಡಿಕೊಳ್ಳುತ್ತಾ ಭಾರತಕ್ಕೂ ಬಂದಿದ್ದರು. ಮತ್ತೆ ಬಂದದ್ದು 1975ರಲ್ಲಿ, ಅಹಮದಾಬಾದಿಗೆ, ಅಲ್ಲಿನ ಬಟ್ಟೆ ಗಿರಣಿ ಮಾಲೀಕರಾದ ಸಾರಾಭಾಯಿ ಕುಟುಂಬದ ಅತಿಥಿಯಾಗಿ. ಕಳೆದ ಲೇಖನದಲ್ಲಿ ಈ ಭಾಗ ಒಂದೇ ಸಾಲಿನಲ್ಲಿ ಹೋಗಿತ್ತು. ನಿಮಗೆ ಇದೇ ಜಾಸ್ತಿ ಹಿಡಿಸಬಹುದು. ಗಾಂಧೀಜಿ ಆಶ್ರಮದ ಕೈಕಾಗದದ ಕಾರ್ಖಾನೆಯಲ್ಲಿ ಅಲ್ಲಿನ ಕೆಲಸಗಾರರ ಜೊತೆ ಕೂತು, ಒದ್ದೆ ಕಾಗದದೊಳಗೆ ಬಿದಿರು, ಬಟ್ಟೆ ಸೇರಿಸಿದರು. ಮಣ್ಣು, ಕಾಗದದ ತಿರುಳು, ಹುಣಸೆ ಬೀಜದ ಪುಡಿ, ಮೆಂತ್ಯದ ಪುಡಿ, ಅಂಟು, ಸೀಮೆಸುಣ್ಣ, ಮೈಲುತುತ್ತ ಇವೆಲ್ಲ ಕಲಸಿದ ಮುದ್ದೆಯಿಂದಲೂ ಕೃತಿ ಮಾಡಿದರು. ಮೈಲುತುತ್ತ ಅಂದರೆ ನೀವು ಮಳೆಗಾಲದಲ್ಲಿ ಸುಣ್ಣದ ಜೊತೆ ಅಡಿಕೆ ಕೊನೆಗೆ ಹೊಡೆಯುವುದೇ. ಹುಣಸೆ ಬೀಜದ ಅಂಟಿನ ಕತೆಯೂ ನಮಗೆ ಹೊಸದಲ್ಲ. ಕೊಪ್ಪಳ ಹತ್ತಿರದ ಕಿನ್ನಾಳದವರು ಗೋಣಿ ನಾರನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಅದೇ ಅಂಟಿನಲ್ಲಿ ಕಲಸಿ ಗೊಂಬೆಗಳಿಗೆ ಮೆತ್ತುತ್ತಾರೆ. ಕಿನ್ನಾಳದ ಗರುಡನನ್ನು ನೋಡಿ "ಇದು ಸಿಕ್ಕಿದ್ದನ್ನು ಮೆತ್ತಿದ್ದು" ಅಂತ ನೀವು ಎಂದೂ ಹೇಳುವುದಿಲ್ಲ ಅಂತ ನನಗೆ ನಂಬಿಕೆ ಇದೆ.

ಅಲ್ಲಿಂದ ಫ್ಲೋರಿಡಾದ ಕ್ಯಾಪ್ಟಿವಾ ದ್ವೀಪದ ಮನೆಗೆ ಮರಳಿದ ಮೇಲೆ ಜ್ಯಾಮರ್ಸ್ ಸರಣಿ ಮಾಡಿದರು. ಬರೀ ರೇಷ್ಮೆ, ಹತ್ತಿ ಬಟ್ಟೆ, ಕೋಲು. ಬಣ್ಣ ಬಳಿಯಲೇ ಇಲ್ಲ ಅನ್ನಬಹುದು. ಎಲ್ಲವನ್ನೂ ಒಂದರ ಮೇಲೊಂದು ಹೇರುತ್ತಿದ್ದ ಮನುಷ್ಯ, ಗೋಡೆಗೆ ಒಂದು ಬಟ್ಟೆ ನೇತುಹಾಕಿ ಸಾಕು ಅಂದದ್ದು ಇಲ್ಲೇ. ನನಗೆ ಅವರ ಕೆಲಸದಲ್ಲಿ ತುಂಬಾ ಇಷ್ಟವಾದದ್ದು ಇದು.

ಎಲ್ಲವೂ ಇಷ್ಟ ಅಂತಲ್ಲ. 1984ರಿಂದ 1991ರವರೆಗೆ ದೇಶದೇಶ ಸುತ್ತಿ ಮಾಡಿದ ದೊಡ್ಡ ಕೃತಿಗಳಲ್ಲಿ ಕೆಲವು ಕಡೆ ಫೋಟೋಗಳು ಸುಮ್ನೆ ಪಕ್ಕಪಕ್ಕ ಬಿದ್ದಿವೆ, ಒಂದಕ್ಕೊಂದು ಮಾತೇ ಇಲ್ಲ. ಅವುಗಳ ಬಗ್ಗೆ ನಿಮ್ಮ ಟೀಕೆಯನ್ನು ನಾನು ಒಪ್ಪುತ್ತೇನೆ. 2002ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಹೋದ ಮೇಲೂ, 2008ರಲ್ಲಿ ತೀರಿಕೊಳ್ಳುವವರೆಗೆ ಎಡಗೈಯಲ್ಲಿ ಕೆಲಸ ಮಾಡಿದರು.

ಇನ್ನು ಮೊಮ್ಮಗಳು. ದಯವಿಟ್ಟು ಬೇಡ ಅನ್ನಬೇಡಿ. ಆ ಸೀರೆಯ ಅಂಚು ಅಲ್ಲೇ ಯಾಕಿದೆ, ಒಂದು ಗೇಣು ಕೆಳಗೆ ಬಂದರೆ ಏನಾಗುತ್ತದೆ ಅಂತ ಕೇಳಿ. ಉತ್ತರ ಬಾಯಲ್ಲಿ ಬೇಡ, ತೆಗೆದು ಇಟ್ಟು ತೋರಿಸಲಿ. ಆಮೇಲೆ ಸಾಮಾನಿನ ಪಾಠವನ್ನೂ ಹೇಳಿಕೊಡಿ, ಅದನ್ನು ಕಾಲೇಜಿನಲ್ಲಿ ಎಲ್ಲರೂ ಹೇಳುವುದಿಲ್ಲ. ಈಗ ಬಸ್ಸಲ್ಲಿ ಮಷೀನಿನಿಂದ ಬರುವ ಟಿಕೆಟ್ಟಿನ ಅಕ್ಷರ ತಾನಾಗಿಯೇ ಮಾಸುತ್ತದೆ, ಅದನ್ನು ಒಳ್ಳೆ ಕಾಗದಕ್ಕೆ ಜೆರಾಕ್ಸ್ ಮಾಡಿ ಅಂಟಿಸಲಿ. ಮೈದಾ ಅಂಟು ನಿಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಅಂಚಿನ ಗಂಜಿ ಹೋಗುವ ಹಾಗೆ ತೊಳೆದು, ಸಾಧ್ಯವಾದರೆ ಹೊಲಿದುಬಿಡಲಿ. ಅಡಿಕೆ ಹಾಳೆ ತೇವಕ್ಕೆ ಹಿಗ್ಗಿ ಬಿಸಿಲಿಗೆ ಮುದುಡುವ ವಸ್ತು, ಕ್ಯಾನ್ವಾಸ್ ಅದರ ಜೊತೆ ಏಗಲಾರದು. ಪ್ಲೈವುಡ್ ಮೇಲೆ ದಾರ ಹಾಕಿ ಕಟ್ಟಿದರೆ ನಿಲ್ಲುತ್ತದೆ. ಹಾಳೆ ಯಾವಾಗ ಹೇಗೆ ಬಗ್ಗುತ್ತದೆ ಅನ್ನೋದು ನಿಮಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಒಂದು ಕೆಲಸವನ್ನು ನೀವಿಬ್ಬರೂ ಸೇರಿಯೇ ಮಾಡಿ. ಅವಳು ಒಪ್ಪಿದರೆ ಅದರ ಫೋಟೋ ಕಳಿಸಿ, ಒಂದು ಫೋಟೋ ಈಗ, ಇನ್ನೊಂದು ಮಳೆಗಾಲ ಕಳೆದ ಮೇಲೆ. ಎರಡನ್ನೂ ಹಾಕುತ್ತೇವೆ.

ಸಂಪಾದಕ