ತೋಟದ ರಸ್ತೆಗೆ ಜಿಪ್ಸಿ ಮೇಲೆ ನಾಲ್ಕು ಲೈಟ್ ಹಾಕಿಸಬೇಕು, ಹೇಗೆ ಜೋಡಿಸಲಿ?

ಸಕಲೇಶಪುರದ ಕಡೆ ತೋಟ, ಹಾರ್ಡ್‌ಟಾಪ್ ಜಿಪ್ಸಿ, ತಲಾ 20 ವ್ಯಾಟ್‌ನ ನಾಲ್ಕು ಚಿಕ್ಕ ಚೌಕದ ಎಲ್‌ಇಡಿ ಫ್ಲಡ್ ಲೈಟ್ (ಬೆಳಕು ಅಗಲಕ್ಕೆ ಹರಡುವಂಥದ್ದು) ತಂದಿಟ್ಟಿದ್ದೀರಿ. ನಾಲ್ಕನ್ನೂ ಮುಂದಕ್ಕೆ ಸಾಲಾಗಿ ಕೂರಿಸಲಾ ಅಂತ ಕೇಳಿದ್ದೀರಿ. ಬೇಡ. ನಾನಾಗಿದ್ದರೆ ಎರಡು ಮುಂದೆ, ಒಂದು ಎಡಪಕ್ಕಕ್ಕೆ, ಒಂದು ಹಿಂದಕ್ಕೆ ಹಾಕುತ್ತೇನೆ.

ಮುಂದಿನ ಎರಡನ್ನು ಮಧ್ಯದಲ್ಲಿಡದೆ ಎರಡು ಮೂಲೆಗಳಿಗೆ ಸರಿಸಿ. ಸುಮಾರು 15ರಿಂದ 20 ಡಿಗ್ರಿ ಹೊರಕ್ಕೆ ತಿರುಗಿಸಿ. ನೇರ ರಸ್ತೆಯನ್ನು ಹೆಡ್‌ಲೈಟ್ ನೋಡಿಕೊಳ್ಳುತ್ತದೆ. ಅದಕ್ಕೆ ಆಗದಿರುವುದು ತಿರುವು. ಸ್ಟೀರಿಂಗ್ ತಿರುಗಿಸುವ ಮೊದಲೇ ತಿರುವಿನ ಆಚೆ ಏನಿದೆ ಅಂತ ಕಾಣಬೇಕು, ಅಲ್ವಾ? ಎಡಪಕ್ಕದ ದೀಪ ಚರಂಡಿ ಅಂಚಿಗೆ. ನೀವು ಬಲಗಡೆ ಕೂತಿರುತ್ತೀರಿ, ಎಡಚಕ್ರ ಎಲ್ಲಿದೆ ಅಂತ ರಾತ್ರಿ ಬರೀ ಅಂದಾಜು. ಟಯರ್ ಬದಲಿಸುವಾಗಲೂ ಅದೇ ಉಪಯೋಗಕ್ಕೆ ಬರುತ್ತದೆ.

ಈಗ ಮುಖ್ಯ ವಿಷಯ. ಮೇಲಿನ ದೀಪದ ದೊಡ್ಡ ತೊಂದರೆ ಬಾನೆಟ್. ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ. ಹತ್ತಿರ ಬೆಳ್ಳಗೆ ಹೊಳೆಯುವುದು ಇದ್ದರೆ ದೂರದ ಕತ್ತಲು ಇನ್ನೂ ಕಪ್ಪಾಗುತ್ತದೆ. ಬಾನೆಟ್‌ಗೆ ಮ್ಯಾಟ್ ಕಪ್ಪು ಬಣ್ಣ ಹೊಡೆಸುವವರಿದ್ದಾರೆ. ಅದಕ್ಕಿಂತ ದೀಪವನ್ನೇ ಹಿಂದೆ ಸರಿಸುವುದು ಸುಲಭ. ಲೆಕ್ಕ ನೋಡಿ. ದೀಪದ ಮೇಲಂಚು ಚಾವಣಿಯಿಂದ 4 ಇಂಚು ಎತ್ತರ, ಗಾಜಿನ ಮೇಲಿನ ಅಂಚಿನಿಂದ 12 ಇಂಚು ಹಿಂದೆ ಅಂತಿಟ್ಟುಕೊಳ್ಳಿ. ಚಾವಣಿಯ ಅಂಚೇ ಕೆಳಗಿನ ಬೆಳಕನ್ನು ತಡೆಯುತ್ತದೆ. ಆಮೇಲೆ ಪ್ರತಿ 3 ಅಡಿಗೆ ಬೆಳಕು 1 ಅಡಿಯಷ್ಟೇ ಇಳಿಯುತ್ತದೆ. ಗಾಡಿ 6 ಅಡಿ ಎತ್ತರ ಅಂದರೆ, ಬೆಳಕು ನೆಲ ಮುಟ್ಟುವುದು ಗಾಜಿನಿಂದ ಸುಮಾರು 18 ಅಡಿ ಮುಂದೆ. ಬಾನೆಟ್ ಪೂರ್ತಿ ನೆರಳಲ್ಲಿ. ದೊಡ್ಡ ದುಂಡು ಲೈಟ್ ಆದರೆ ಇನ್ನೂ ಹಿಂದೆ ಹೋಗಬೇಕಾಗುತ್ತದೆ. ನೀವು ಚಿಕ್ಕದು ತಂದದ್ದು ಒಳ್ಳೆಯದೇ ಆಯಿತು. ಸಿಲ್ವರ್ ಓಕ್ ಕೊಂಬೆ ತಾಗುವುದೂ ಕಮ್ಮಿ.

ದೀಪ ಮೇಲಿದ್ದರೆ ಇನ್ನೊಂದು ಗುಣ ಇದೆ, ಅದರ ಜೊತೆಗೇ ಒಂದು ದೋಷವೂ ಇದೆ. ಬಂಪರ್ ಮೇಲಿನ ದೀಪ ಗುಂಡಿಯ ಅಂಚಿಗೆ ಹೊಡೆದು ಒಳಗೆಲ್ಲ ಕಪ್ಪು ಮಾಡುತ್ತದೆ. ಗುಂಡಿ ಇದೆ ಅಂತ ತಕ್ಷಣ ಗೊತ್ತಾಗುತ್ತದೆ, ಎಷ್ಟು ಆಳ ಅಂತ ಗೊತ್ತಾಗುವುದಿಲ್ಲ. ಮೇಲಿನ ದೀಪ ತಳ ತೋರಿಸುತ್ತದೆ. ಆದರೆ ಅದು ನಿಮ್ಮ ಕಣ್ಣಿನ ಸಾಲಿನಲ್ಲೇ ಬರುವುದರಿಂದ ನೆರಳು ಕಾಣುವುದಿಲ್ಲ, ಕೊರಕಲೆಲ್ಲ ಚಪ್ಪಟೆ. ಹಾಗಾಗಿ ಹೆಡ್‌ಲೈಟ್ ಆರಿಸಿ ಬರೀ ಮೇಲಿನದರಲ್ಲಿ ಓಡಿಸಬೇಡಿ. ದೂರ ಕಾಣಲೇಬೇಕು ಅಂದರೆ ಮುಂದೆ ಯಾವಾಗಲಾದರೂ ಒಂದು ಜೊತೆ ಸ್ಪಾಟ್ ಲೈಟ್ (ಬೆಳಕು ಹರಡದೆ ದೂರಕ್ಕೆ ಬೀಳುವಂಥದ್ದು) ತಂದು ಬಂಪರ್ ಮೇಲೆ ಹಾಕಿ.

ಮಂಜಿನಲ್ಲಿ ಮೇಲಿನದು ಪೂರ್ತಿ ಬಂದ್. ಬಿಸಿಲೆ ಕಡೆ ಮಂಜು ಕವಿದಾಗ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತೆ. ಹನಿಗಳಿಗೆ ಬಡಿದ ಬೆಳಕು ಸೀದಾ ಕಣ್ಣಿಗೇ ವಾಪಸ್. ಜೋರು ಮಳೆಯಲ್ಲೂ ಅಷ್ಟೇ.

ಜಿಪ್ಸಿ ಹಾರ್ಡ್‌ಟಾಪ್‌ಗೆ ಅಂಚಿನಲ್ಲಿ ನೀರು ಹರಿಯುವ ಪಟ್ಟಿ ಇದೆಯಲ್ಲ, ದೀಪ ಕೂರಿಸುವ ಕ್ಯಾರಿಯರ್‌ನ ಕ್ಲ್ಯಾಂಪ್ ಅದಕ್ಕೇ ಹಿಡಿಸಿ. ಚಾವಣಿಗೆ ತೂತು ಹೊಡೆಯಲು ಬಿಡಬೇಡಿ. ಮಲೆನಾಡಿನ ಮಳೆಗೆ ಆ ತೂತು ತುಕ್ಕು ಹಿಡಿಯದೆ ಇರುವುದಿಲ್ಲ.

ವೈರಿಂಗ್ ಸರಳ. 20 ವ್ಯಾಟ್‌ನ ನಾಲ್ಕಕ್ಕೆ 80 ವ್ಯಾಟ್, 12 ವೋಲ್ಟ್‌ನಲ್ಲಿ 7 ಆಂಪಿಯರ್ ಒಳಗೆ. ಹಳೇ 100 ವ್ಯಾಟ್ ಹ್ಯಾಲೊಜನ್ ನಾಲ್ಕಾಗಿದ್ದರೆ 33 ಆಂಪಿಯರ್ ಎಳೆಯುತ್ತಿತ್ತು. ಆದರೂ ರಿಲೇ (ಸ್ವಿಚ್‌ನ ಚಿಕ್ಕ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸಾಧನ) ಹಾಕಿಸಿ, ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಡ್ಯಾಶ್‌ಬೋರ್ಡ್ ಹತ್ತಿರ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರ್‌ಗೆ ರಕ್ಷಣೆಯೇ ಇಲ್ಲ. ಸ್ವಿಚ್ ಮಾತ್ರ ಮೂರು ಬೇರೆ ಬೇರೆ: ಮುಂದೆ, ಪಕ್ಕ, ಹಿಂದೆ. ಎಲ್ಲ ಒಂದೇ ಸ್ವಿಚ್‌ಗೆ ಕಟ್ಟಿದರೆ ಈ ಜೋಡಣೆಗೆ ಅರ್ಥವೇ ಇಲ್ಲ.

ಇದೆಲ್ಲ ತೋಟದ ಒಳಗಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮ 1989ರ ಪ್ರಕಾರ ಆರ್‌ಟಿಒ ಒಪ್ಪಿಗೆ ಇಲ್ಲದೆ ಮುಂದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವಂತಿಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಮೇಲೆ ನಮ್ಮ ಪೊಲೀಸರು 2024ರಿಂದ ಜಾಸ್ತಿ ಕಣ್ಣಿಟ್ಟಿದ್ದಾರೆ. ಕವರ್ ಹಾಕಿದರೆ ಬಿಡುತ್ತಾರೆ ಅನ್ನುವವರ ಮಾತು ನಂಬಬೇಡಿ. ಹೆದ್ದಾರಿಗೆ ಇಳಿಯುವ ಗಾಡಿಯಾದರೆ ಕ್ಯಾರಿಯರ್ ಸಮೇತ ಬಿಚ್ಚಿಡುವಂತೆ ಕ್ಲ್ಯಾಂಪ್, ಪ್ಲಗ್ ಮಾಡಿಸಿ. ಕಾಡಿನ ಪಕ್ಕದ ರಸ್ತೆಯಲ್ಲಿ ಚಾವಣಿ ತುಂಬ ದೀಪ ಕಂಡರೆ ಅರಣ್ಯ ಇಲಾಖೆಯವರಿಗೆ ಬೇಟೆಯ ಅನುಮಾನ ಬಂದರೂ ಆಶ್ಚರ್ಯವಿಲ್ಲ.

ಹಿಂದಿನ ದೀಪ ಯಾಕೆ ಅಂತ ಈಗ ಹೇಳುತ್ತೇನೆ. ನಿಮ್ಮ ಕಡೆ, ಆಲೂರು, ಬೇಲೂರು ಕಡೆ ಆನೆ ಕಾಟ ನಿಮಗೆ ಹೊಸದಲ್ಲ. ಎದುರಿಗೆ ಆನೆ ಕಂಡರೆ ಮೇಲಿನ ದೀಪ ಅದರ ಮುಖಕ್ಕೆ ಬಿಡಬೇಡಿ, ಹಾರ್ನ್ ಬೇಡ, ಕೆರಳುತ್ತದೆ. ಚಾವಣಿಯ ಮುಂದಿನ ದೀಪ ಆರಿಸಿ, ನಿಧಾನವಾಗಿ ಹಿಂದೆ ಬರಬೇಕು. ಒಂದೇ ಗಾಡಿ ಹಿಡಿಯುವ ತೋಟದ ರಸ್ತೆ, ಎರಡೂ ಕಡೆ ಕಾಫಿ ಗಿಡ, ಜಿಪ್ಸಿಯ ರಿವರ್ಸ್ ಲೈಟ್ ಏನೇನೂ ಸಾಲದು. ಹಿಂದಿನ ದೀಪವನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಿ. ಅದರ ಸ್ವಿಚ್ ಕತ್ತಲಲ್ಲಿ ತಡಕಾಡದೆ ಕೈಗೆ ಸಿಗುವ ಜಾಗದಲ್ಲಿರಲಿ. ರಿವರ್ಸ್ ಹಾಕಿದಾಗ ತಾನೇ ಹತ್ತುವಂತೆ ಗೇರ್‌ಗೆ ಕಟ್ಟಬೇಡಿ, ಕೈಯಿಂದಲೇ ಹಾಕುವಂತಿರಲಿ. ಗಾಡಿ ನಿಲ್ಲಿಸಿ ಹಿಂದಿನ ದಾರಿ ನೋಡಿಕೊಂಡು, ಆಮೇಲೆ ರಿವರ್ಸ್ ಹಾಕಬಹುದು.