ಕಂಪಾಸ್ ಕೆಟ್ಟಿದೆಯೋ, ಕಡಲು ಎಳೆಯಿತೋ?

ಪ್ರಶ್ನೆ: ಸರ್, ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಕಲಿತು ಈಗ ಪ್ರತಿ ಸೀಸನ್‌ಗೂ ಹೋಗುತ್ತಿದ್ದೇನೆ. ಆಸ್ಟ್ರೇಲಿಯಾದಲ್ಲಿರುವ ನಮ್ಮ ಭಾವ ತಾವು ಬಳಸುತ್ತಿದ್ದ ಮಣಿಕಟ್ಟಿನ ಕಂಪಾಸನ್ನು ನನಗೆ ಕೊಟ್ಟರು. ಅದರೊಳಗೆ ಒಂದು ಸಣ್ಣ ಗುಳ್ಳೆ ಇದೆ. ಮೊಬೈಲಿನ ಪಕ್ಕ ಇಟ್ಟು ನೋಡಿದರೆ ಎರಡಕ್ಕೂ ಇಪ್ಪತ್ತು ಡಿಗ್ರಿ ವ್ಯತ್ಯಾಸ. ಕಳೆದ ಡೈವ್‌ನಲ್ಲಿ ಆಂಕರ್ ಹಗ್ಗದ ಬುಡದಿಂದ ಐದು ನಿಮಿಷ ಈಜಿ, ಕಂಪಾಸ್ ನೋಡಿಕೊಂಡೇ ಸರಿಯಾಗಿ ಹಿಂದಕ್ಕೆ ತಿರುಗಿ ಬಂದರೂ ಹಗ್ಗ ಸಿಗಲಿಲ್ಲ. ಇದನ್ನು ಇಟ್ಟುಕೊಳ್ಳಲೋ, ಎಸೆಯಲೋ? — ಕುಮಟಾದ ಓದುಗರು

ಉತ್ತರ: ಎಸೆಯಬೇಡಿ. ನೀವು ಹೇಳಿದ ಮೂರು ದೂರುಗಳಲ್ಲಿ ಎರಡು ಕಂಪಾಸಿನ ಮೇಲೆ ಹೊರಿಸುವಂಥವೇ ಅಲ್ಲ.

ಮೊಬೈಲಿನದನ್ನು ಮೊದಲು ಬಿಟ್ಟುಬಿಡಿ. ಮೊಬೈಲಿನ ಸ್ಪೀಕರಿನಲ್ಲಿ, ಕ್ಯಾಮೆರಾದಲ್ಲಿ ಪುಟ್ಟ ಅಯಸ್ಕಾಂತಗಳಿರುತ್ತವೆ. ಅದನ್ನು ಕಂಪಾಸಿನ ಪಕ್ಕ ಇಟ್ಟ ಕ್ಷಣವೇ ಎರಡೂ ಒಂದನ್ನೊಂದು ಕೆಡಿಸುತ್ತವೆ. ಬೋಟಿನಲ್ಲಿ ಡೈವರ್‌ಗಳು ತಮ್ಮ ಕಂಪಾಸುಗಳನ್ನು ಕೈಗೆ ಕೈ ಜೋಡಿಸಿ ಹೋಲಿಸುವುದನ್ನು ನೋಡಿರುತ್ತೀರಿ. ಅಲ್ಲೂ ಇದೇ ಕತೆ. ಎರಡು ಅಯಸ್ಕಾಂತ ಹತ್ತಿರ ಬಂದರೆ ಅವು ಭೂಮಿಯ ಮಾತಿಗಿಂತ ಪಕ್ಕದವರ ಮಾತನ್ನೇ ಹೆಚ್ಚು ಕೇಳುತ್ತವೆ. ಹೋಲಿಸಲೇಬೇಕೆಂದರೆ ಒಂದು ಮೀಟರ್ ಅಂತರವಿರಲಿ. ಎರಡು ಕಂಪಾಸ್ ಬೇರೆ ಬೇರೆ ತೋರಿಸಿದರೆ ಯಾವುದು ಸರಿ ಎಂದು ಗೊತ್ತಾಗದ ಕಾರಣ ಮೂರನೆಯದೊಂದು ಇದ್ದರೆ ಒಳ್ಳೆಯದು.

ಇನ್ನು ಹಗ್ಗ ಸಿಗದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ನಿಮ್ಮ ಕಂಪಾಸ್ ನಿಜಕ್ಕೂ ಇಪ್ಪತ್ತು ಡಿಗ್ರಿ ತಪ್ಪು ತೋರಿಸುತ್ತದೆ, ಆದರೆ ಯಾವ ದಿಕ್ಕಿಗೆ ತಿರುಗಿದರೂ ಅದೇ ಇಪ್ಪತ್ತು ಎಂದುಕೊಳ್ಳೋಣ. ಹೋಗುವಾಗ ಇಪ್ಪತ್ತು ಡಿಗ್ರಿ ಬಲಕ್ಕೆ ಹೋಗುತ್ತೀರಿ. ತಿರುಗಿ 180 ಡಿಗ್ರಿ ಹಿಡಿದಾಗಲೂ ಅದೇ ಇಪ್ಪತ್ತು ಸೇರಿಕೊಳ್ಳುತ್ತದೆ. ಅಂದರೆ ಹೋದ ಗೆರೆಯ ಮೇಲೇ ವಾಪಸ್ ಬರುತ್ತೀರಿ! ಎಲ್ಲಿಗೆ ಹೋಗಬೇಕೆಂದಿದ್ದಿರೋ ಅಲ್ಲಿಗೆ ಹೋಗಿರುವುದಿಲ್ಲ, ಆದರೆ ಹಗ್ಗ ಮಾತ್ರ ಸಿಗಬೇಕಿತ್ತು. ಸಿಗಲಿಲ್ಲವೆಂದರೆ ಕಾರಣ ಬೇರೆ ಕಡೆ ಇದೆ: ಉತ್ತರದ ಬಾಣವಿರುವ, ಒಳಗೆ ತಿರುಗುವ ತಟ್ಟೆ ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು, ಇಲ್ಲವೇ ಮೈಮೇಲಿನ ಯಾವುದೋ ಕಬ್ಬಿಣ ಒಂದೊಂದು ದಿಕ್ಕಿಗೆ ಒಂದೊಂದು ಥರ ಎಳೆದಿರಬೇಕು, ಅದೂ ಅಲ್ಲದಿದ್ದರೆ ನೀರಿನ ಸೆಳೆತ.

ನನ್ನ ಅನುಮಾನ ಸೆಳೆತದ ಮೇಲೆಯೇ. ಅರ್ಧ ನಾಟ್ ವೇಗದ ಸೆಳೆತ ಎಂದರೆ ನಿಮಿಷಕ್ಕೆ ಸುಮಾರು 15 ಮೀಟರ್. ಆರಾಮವಾಗಿ ಈಜುವ ಡೈವರ್‌ನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಡ್ಡಲಾಗಿ ಅಂಥ ಸೆಳೆತವಿದ್ದು ನೀವು ಐದು ನಿಮಿಷ ಹೋಗಿ ಐದು ನಿಮಿಷ ಬಂದಿದ್ದರೆ ಹಗ್ಗದಿಂದ 150 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಹೋಗುವಾಗಿನ ಸರಿತ ಬರುವಾಗ ಅಳಿಸಿಹೋಗುವುದಿಲ್ಲ, ಇನ್ನೂ ಸೇರುತ್ತದೆ. ಸೆಳೆತ ಅದರ ಅರ್ಧವಿದ್ದರೂ 75 ಮೀಟರ್. ಹತ್ತು ಹದಿನೈದು ಮೀಟರ್ ಕಾಣುವ ನೀರಿನಲ್ಲಿ ಹಗ್ಗ ಹೇಗೆ ಕಂಡೀತು? ಕಂಪಾಸ್ ನಿಮ್ಮ ಮುಖ ಯಾವ ಕಡೆಗಿದೆ ಎಂದಷ್ಟೇ ಹೇಳುತ್ತದೆ. ನೀವು ಯಾವ ಕಡೆ ಹೋಗುತ್ತಿದ್ದೀರಿ ಎನ್ನುವುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಕಂಪಾಸನ್ನು ಕಡಲಿನಲ್ಲಿ ಪರೀಕ್ಷಿಸಬೇಡಿ. ಅಲ್ಲಿ ಸೆಳೆತ, ನಿಮ್ಮ ಕೈ, ಕಂಪಾಸ್ ಮೂರೂ ಕಲಸಿಹೋಗಿರುತ್ತವೆ. ನೆಲದ ಮೇಲೆ, ನಿಮ್ಮ ಕೈ ತಾಗದ ಹಾಗೆ ಪರೀಕ್ಷಿಸಿ.

ಅದಕ್ಕೆ ಬೇಕಾಗುವುದು ಒಂದು ಪ್ಲಾಸ್ಟಿಕ್ ಬಕೆಟ್, ಒಂದು ಸ್ಕ್ರೂಡ್ರೈವರ್. ಬೈಕು, ಕಾರು, ವಿದ್ಯುತ್ ಕಂಬ, ಕಬ್ಬಿಣದ ಬೇಲಿ ಯಾವುದೂ ಹತ್ತಿರವಿಲ್ಲದ ಬಯಲಿಗೆ ಹೋಗಿ. ಬೀಚಿನ ಮರಳೇ ಸಾಕು. ಮನೆಯ ಟೇಬಲ್ ಬೇಡ. ಮೊಳೆಯೋ ನೆಲದೊಳಗಿನ ಸರಳೋ ಸುಮ್ಮನಿರುವುದಿಲ್ಲ. ಬಕೆಟ್ಟನ್ನು ಬೋರಲು ಹಾಕಿ ಮೇಲೆ ಕಂಪಾಸನ್ನು ಮಟ್ಟಸವಾಗಿಡಿ. ತಟ್ಟೆ ನಿಂತ ಮೇಲೆ ಸುತ್ತ ತಿರುಗುವ ಬಳೆಯ, ಅಂದರೆ ಬೆಜೆಲ್‌ನ, ಎರಡು ಗುರುತುಗಳನ್ನು ಉತ್ತರದ ಬಾಣಕ್ಕೆ ಸರಿಯಾಗಿ ಹೊಂದಿಸಿ. ಈಗ ಸ್ಕ್ರೂಡ್ರೈವರನ್ನು ಪೂರ್ವದ ಕಡೆಯಿಂದ ಮೆಲ್ಲಗೆ ಹತ್ತಿರ ತನ್ನಿ. ಬಾಣ ಮೂವತ್ತು ನಲವತ್ತು ಡಿಗ್ರಿ ವಾಲಿದ ಕೂಡಲೇ ಅದನ್ನು ದೂರ ಒಯ್ಯಿರಿ. ಬಾಣ ನಯವಾಗಿ ತಿರುಗಿ ಆ ಎರಡು ಗುರುತುಗಳ ನಡುವೆಯೇ ಬಂದು ನಿಲ್ಲಬೇಕು. ಮತ್ತೆ ಪಶ್ಚಿಮದ ಕಡೆಯಿಂದ ಇದನ್ನೇ ಮಾಡಿ. ಎರಡೂ ಸಲ ಒಂದೇ ಜಾಗದಲ್ಲಿ ನಿಂತರೆ ತಟ್ಟೆ ಕೂತಿರುವ ಸೂಜಿಮೊನೆ ಆರೋಗ್ಯವಾಗಿದೆ. ಪೂರ್ವದಿಂದ ಬಿಟ್ಟಾಗ ಒಂದು ಕಡೆ, ಪಶ್ಚಿಮದಿಂದ ಬಿಟ್ಟಾಗ ಇನ್ನೊಂದು ಕಡೆ ನಿಂತು, ನಡುವೆ ಐದು ಡಿಗ್ರಿಗಿಂತ ಹೆಚ್ಚು ಉಳಿದರೆ, ಇಲ್ಲವೇ ಬಾಣ ತಡೆತಡೆದು ಜಿಗಿಯುತ್ತಾ ಬಂದರೆ ಮೊನೆ ಸವೆದಿದೆ. ಅದಕ್ಕೆ ಔಷಧಿಯಿಲ್ಲ. ಈ ಪರೀಕ್ಷೆಯಲ್ಲಿ ಸೋತ ಕಂಪಾಸನ್ನು ನಾನಂತೂ ನೀರಿಗೆ ಒಯ್ಯುವುದಿಲ್ಲ, ಉಳಿದೆಲ್ಲದರಲ್ಲಿ ಪಾಸಾಗಿದ್ದರೂ. ಸ್ಕ್ರೂಡ್ರೈವರ್ ಬದಲಿಗೆ ಬಲವಾದ ಅಯಸ್ಕಾಂತ ಬಳಸಬೇಡಿ. ಏಕೆಂದು ಕೆಳಗಿನ ಇನ್ನೊಂದು ಪ್ರಶ್ನೆಯಲ್ಲಿ ಹೇಳಿದ್ದೇನೆ.

ಮುಂದಿನದು ವಾಲಿಸಿ ನೋಡುವುದು. ಇಲ್ಲೇ ನಿಮ್ಮ ಭಾವನವರ ಆಸ್ಟ್ರೇಲಿಯಾ ಬರುತ್ತದೆ. ಭೂಮಿಯ ಕಾಂತಬಲ ನೆಲಕ್ಕೆ ಸಮಾನಾಂತರವಾಗಿ ಇರುವುದು ಕಾಂತೀಯ ಸಮಭಾಜಕದ ಹತ್ತಿರ ಮಾತ್ರ. ಆ ರೇಖೆ ನಮ್ಮ ದೇಶದ ತೆಂಕಣ ತುದಿಯಲ್ಲೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಪಕ್ಕದ ತುಂಬಾದಲ್ಲಿ ರಾಕೆಟ್ ಉಡಾವಣೆ ಶುರುವಾಗಿದ್ದೂ ಅದರ ಸಾಮೀಪ್ಯದ ಕಾರಣಕ್ಕೆ. ಅಲ್ಲಿಂದ ಬಡಗಿಗೆ ಹೋದಂತೆ ಸೂಜಿಯ ಉತ್ತರ ತುದಿ ನೆಲದ ಕಡೆ ಬಾಗುತ್ತದೆ, ತೆಂಕಿಗೆ ಹೋದಂತೆ ದಕ್ಷಿಣ ತುದಿ ಬಾಗುತ್ತದೆ. ಸಿಡ್ನಿಯಲ್ಲಿ ಈ ಬಾಗು 60 ಡಿಗ್ರಿಗೂ ಹೆಚ್ಚು. ಹಾಗಾಗಿ ಅಲ್ಲಿಗೆಂದು ಮಾಡಿದ ಕಂಪಾಸಿನ ಉತ್ತರದ ಬದಿಗೆ ತುಸು ಭಾರ ಕೊಟ್ಟು ಸಮತೋಲ ಮಾಡಿರುತ್ತಾರೆ. ಅದೇ ಕಂಪಾಸ್ ಕುಮಟಾಕ್ಕೆ ಬಂದರೆ ಉತ್ತರದ ಬದಿ ತಗ್ಗಿ ನಿಲ್ಲುತ್ತದೆ. ಯುರೋಪಿನಿಂದ ತಂದಿದ್ದರೆ ದಕ್ಷಿಣದ ಬದಿ ತಗ್ಗುತ್ತಿತ್ತು. ಕಂಪಾಸ್ ಕೆಟ್ಟಿದೆ ಎಂದಲ್ಲ, ಅದನ್ನು ಬೇರೆ ಊರಿಗೆಂದು ತೂಗಿದ್ದಾರೆ.

ಅಷ್ಟರಿಂದ ತೊಂದರೆಯಿದೆಯೇ ಎಂದು ತಿಳಿಯಲು ಕಂಪಾಸನ್ನು ಕೈಯಲ್ಲಿ ಹಿಡಿದು ಉತ್ತರಕ್ಕೆ ಮುಖ ಮಾಡಿ ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ ಮೆಲ್ಲಗೆ ವಾಲಿಸಿ. ಪ್ರತಿ ಸಲವೂ ವಾಲಿಸಿದ ಸ್ಥಿತಿಯಲ್ಲೇ ಮೈಯನ್ನು ಸ್ವಲ್ಪ ಅತ್ತಿತ್ತ ತಿರುಗಿಸಿ, ತಟ್ಟೆ ಇನ್ನೂ ಸ್ವತಂತ್ರವಾಗಿ ತೇಲುತ್ತಿದೆಯೇ ನೋಡಿ. ಒಳ್ಳೆಯ ಡೈವಿಂಗ್ ಕಂಪಾಸುಗಳು 30 ಡಿಗ್ರಿಯವರೆಗೂ ತಾಳಿಕೊಳ್ಳುತ್ತವೆ, ಹಳೆಯ ಮಾದರಿಗಳು ಹತ್ತು ಡಿಗ್ರಿಗೇ ಸಿಕ್ಕಿಕೊಳ್ಳುತ್ತವೆ. ನಿಮ್ಮದು ಒಂದು ಕಡೆಗೆ ಬೇಗ, ಇನ್ನೊಂದು ಕಡೆಗೆ ತಡವಾಗಿ ಸಿಕ್ಕಿಕೊಂಡರೆ ಆಶ್ಚರ್ಯಪಡಬೇಡಿ. ಆದರೆ ಬೇಗ ಸಿಕ್ಕಿಕೊಳ್ಳುವ ಕಡೆಗೂ ಹತ್ತು ಹನ್ನೆರಡು ಡಿಗ್ರಿಯಾದರೂ ಸಡಿಲ ಇಲ್ಲದಿದ್ದರೆ, ನೀರಿನಲ್ಲಿ ಕೈ ಅಷ್ಟು ಸಮನಾಗಿ ನಿಲ್ಲುವುದಿಲ್ಲವಾದ್ದರಿಂದ, ಇಲ್ಲಿಗೆ ಹೊಂದುವ ಕಂಪಾಸನ್ನೇ ಕೊಳ್ಳಿ. ನಿಮ್ಮ ಹಗ್ಗದ ವಿಷಯದಲ್ಲಿ ಸೆಳೆತದ ನಂತರದ ಅನುಮಾನ ನನಗೆ ಇದರ ಮೇಲೆ.

ಗುಳ್ಳೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ವಿಮಾನದಲ್ಲಿ ಬಂದ ಕಂಪಾಸುಗಳಲ್ಲಿ ಸಣ್ಣ ಗುಳ್ಳೆ ಕಾಣಿಸುವುದುಂಟು, ಕೆಲವು ದಿನಗಳಲ್ಲಿ ಅದೇ ಕರಗುತ್ತದೆ. ಐದು ಮಿಲಿಮೀಟರಿಗಿಂತ ಚಿಕ್ಕದಿದ್ದು ತಟ್ಟೆಗೆ ಅಡ್ಡ ಬರದಿದ್ದರೆ ಚಿಂತೆಯಿಲ್ಲ. ಇವತ್ತೊಂದು ಫೋಟೋ ತೆಗೆದಿಡಿ, ತಿಂಗಳ ನಂತರ ಹೋಲಿಸಿ. ಬೆಳೆದಿದ್ದರೆ, ಅಥವಾ ಪಟ್ಟಿಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ, ಒಳಗಿನ ದ್ರವ ಸೋರುತ್ತಿದೆ. ಆಗ ಬದಲಿಸಿ.

ಕೊನೆಗೆ ದಿಕ್ಕು. ಉಪಗ್ರಹ ನಕ್ಷೆಯಲ್ಲಿ ನೀವು ನಿಂತ ಜಾಗದಿಂದ ದೂರದ ಗುರುತೊಂದಕ್ಕೆ ಗೆರೆ ಎಳೆದು ಕೋನ ತಿಳಿದುಕೊಳ್ಳಿ. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರದಂಥದ್ದು ಇದಕ್ಕೆ ಹೇಳಿ ಮಾಡಿಸಿದ ಗುರುತು. ಆ ಕಡೆಗೆ ಕಂಪಾಸ್ ಹಿಡಿದಾಗ ಐದು ಡಿಗ್ರಿಯೊಳಗೆ ಹೊಂದಿದರೆ ಸಾಕು. ನಮ್ಮ ಕರಾವಳಿಯಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು. ಡೈವರ್‌ಗೆ ಅದು ಲೆಕ್ಕಕ್ಕಿಲ್ಲ. ಕಂಪಾಸಿನ ಪಕ್ಕದ ಪುಟ್ಟ ಕಿಟಕಿಯಲ್ಲಿ ಕಾಣುವ ಅಂಕಿಯೂ ಮೇಲಿನಿಂದ ನೋಡಿದ ಕೋನವೂ ಒಂದೇ ಇದೆಯೇ ಎಂದು ಅಲ್ಲೇ ನೋಡಿಬಿಡಿ.

ಇದೆಲ್ಲ ಮುಗಿದ ಮೇಲೆ ಕಂಪಾಸನ್ನು ಬಕೆಟ್ಟಿನ ಮೇಲೇ ಬಿಟ್ಟು ನಿಮ್ಮ ಸಾಮಾನುಗಳನ್ನು ಒಂದೊಂದಾಗಿ ಹತ್ತಿರ ತನ್ನಿ: ಚಾಕು, ಟಾರ್ಚ್, ಕ್ಯಾಮೆರಾ, ಗಾಳಿಯ ಗೇಜ್. ಯಾವುದು ಎಷ್ಟು ದೂರದಲ್ಲಿ ಬಾಣವನ್ನು ಅಲುಗಿಸುತ್ತದೆ ನೋಡಿ. ಟಾರ್ಚ್ ಮೇಲೆ ವಿಶೇಷ ಗಮನವಿರಲಿ. ಹಲವು ಡೈವಿಂಗ್ ಟಾರ್ಚುಗಳ ಸ್ವಿಚ್ಚಿನಲ್ಲೇ ಅಯಸ್ಕಾಂತ ಇರುತ್ತದೆ. ಕಂಪಾಸ್ ಎಡಗೈಯಲ್ಲಿದ್ದರೆ ಅದು ಬಲಗೈಯಲ್ಲಿರಲಿ, ಅದೂ ದೂರ. ಅಲ್ಯೂಮಿನಿಯಂ ಸಿಲಿಂಡರಿನಿಂದ ತೊಂದರೆಯಿಲ್ಲ, ಉಕ್ಕಿನದಾದರೆ ಕಂಪಾಸನ್ನು ಅದರ ಹತ್ತಿರ ತರಬೇಡಿ. ನೇತ್ರಾಣಿ ಒಂದು ಕಾಲಕ್ಕೆ ನೌಕಾಪಡೆಯ ಗುರಿ ಅಭ್ಯಾಸದ ಜಾಗವಾಗಿತ್ತು. ನೀರಿನಡಿ ಲೋಹದ ಹಳೆಯ ಚೂರು ಯಾವುದಾದರೂ ಕಂಡರೆ ಬಾಣ ಅಲುಗುತ್ತದೆಯೇ ಎಂದು ನೋಡಲು ಹತ್ತಿರ ಹೋಗಬೇಡಿ. ಮುಟ್ಟದೆ ದೂರ ಸರಿದು ಬೋಟಿನವರಿಗೆ ಹೇಳಿ.

ಪ್ರಶ್ನೆ: ನನ್ನ ಹೊಸ ಡೈವ್ ಕಂಪ್ಯೂಟರಿನಲ್ಲಿ ಡಿಜಿಟಲ್ ಕಂಪಾಸ್ ಇದೆ. ಈಜುಕೊಳದಲ್ಲಿ ಅಭ್ಯಾಸ ಮಾಡುವಾಗ ಒಂದೇ ಗೋಡೆಯ ಉದ್ದಕ್ಕೂ ಈಜಿದರೂ ಅಂಕಿ ಬದಲಾಗುತ್ತಲೇ ಇರುತ್ತದೆ. ಅಂಗಡಿಗೆ ವಾಪಸ್ ಕೊಡಲೇ? — ಬೆಂಗಳೂರಿನ ಓದುಗರು

ಉತ್ತರ: ಈಜುಕೊಳದ ಗೋಡೆ, ನೆಲ ಎಲ್ಲ ಕಬ್ಬಿಣದ ಸರಳಿನ ಕಾಂಕ್ರೀಟ್. ಪಕ್ಕದಲ್ಲಿ ಪಂಪಿನ ಮೋಟಾರ್ ಬೇರೆ. ಅಲ್ಲಿ ಯಾವ ಕಂಪಾಸೂ ನಿಲ್ಲುವುದಿಲ್ಲ. ಮುಂಬೈಯ ಕೊಲಾಬಾದಲ್ಲಿದ್ದ ಕಾಂತೀಯ ವೀಕ್ಷಣಾಲಯವನ್ನು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಲಿಬಾಗ್‌ಗೆ ಒಯ್ದದ್ದೇ ನಗರಕ್ಕೆ ವಿದ್ಯುತ್ ಟ್ರಾಮ್ ಬರುತ್ತದೆ ಎನ್ನುವ ಕಾರಣಕ್ಕೆ. ಅಲ್ಲಿನ ಕಟ್ಟಡಕ್ಕೆ ಕಾಂತಗುಣವಿಲ್ಲದ ಕಲ್ಲನ್ನೇ ಹುಡುಕಿ ತಂದರು. ನಿಮ್ಮ ಈಜುಕೊಳ ಅದಕ್ಕೆ ತೀರಾ ವಿರುದ್ಧ.

ಬಯಲಿಗೆ ಹೋಗಿ, ಕೈಪಿಡಿಯಲ್ಲಿ ಹೇಳಿದಂತೆ ಎಲ್ಲ ದಿಕ್ಕಿಗೂ ತಿರುಗಿಸಿ ಕ್ಯಾಲಿಬ್ರೇಟ್ ಮಾಡಿ. ಬೋಟಿನ ಇಂಜಿನ್ ಪಕ್ಕ ಕೂತು ಮಾಡಿದರೆ ತಪ್ಪನ್ನೇ ಕಲಿಸಿದಂತೆ. ಬ್ಯಾಟರಿ ನೀವೇ ಬದಲಿಸುವಂಥ ಮಾದರಿಯಾದರೆ ಪ್ರತಿ ಸಲ ಬದಲಿಸಿದ ಮೇಲೂ ಮತ್ತೆ ಮಾಡಿ, ಏಕೆಂದರೆ ಬ್ಯಾಟರಿಯ ಉಕ್ಕಿನ ಕವಚವೂ ಲೆಕ್ಕಕ್ಕೆ ಬರುತ್ತದೆ. ಆಮೇಲೂ ನಾಲ್ಕು ದಿಕ್ಕುಗಳಲ್ಲಿ ಎಣ್ಣೆ ತುಂಬಿದ ಒಳ್ಳೆಯ ಕಂಪಾಸಿಗೂ ಇದಕ್ಕೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಉಳಿದರೆ ಮಾತ್ರ ಅಂಗಡಿಯ ಮಾತು.

ಪ್ರಶ್ನೆ: ನನ್ನ ಕಂಪಾಸಿನ ಉತ್ತರದ ಬಾಣ ನೇರ ದಕ್ಷಿಣಕ್ಕೆ ತೋರಿಸುತ್ತಿದೆ. ಹೀಗೂ ಆಗುತ್ತದೆಯೇ? — ದುಬೈಯಲ್ಲಿರುವ ಕನ್ನಡಿಗರೊಬ್ಬರು

ಉತ್ತರ: ಆಗುತ್ತದೆ. ಬಲವಾದ ಅಯಸ್ಕಾಂತದ ಪಕ್ಕ ಇದ್ದ ಕಂಪಾಸಿನ ಧ್ರುವಗಳು ಅದಲುಬದಲಾಗುತ್ತವೆ. ಸ್ಪೀಕರ್, ಮೊಬೈಲ್ ಕವರಿನ ಅಯಸ್ಕಾಂತದ ಮುಚ್ಚಳ, ಡೈವಿಂಗ್ ಪೈಪುಗಳನ್ನು ಹಿಡಿದಿಡುವ ಅಯಸ್ಕಾಂತದ ಕ್ಲಿಪ್ ಇವುಗಳಲ್ಲಿ ಯಾವುದಾದರೂ ಅದೇ ಚೀಲದಲ್ಲಿತ್ತೇ ನೋಡಿ. ಇನ್ನೊಂದು ಅಯಸ್ಕಾಂತದಿಂದ ಉಜ್ಜಿ ಮತ್ತೆ ಸರಿಮಾಡಬಹುದು, ಮಾಡುವವರೂ ಇದ್ದಾರೆ. ಬೆಟ್ಟ ಹತ್ತುವವರಿಗೆ ಅದು ಸಾಕಾದೀತು. ನೀರಿನಡಿಗೆ ಒಯ್ಯುವುದಾದರೆ ನಾನು ಒಪ್ಪುವುದಿಲ್ಲ. ಹಲವು ಮಾದರಿಗಳಿಗೆ ಒಳಗಿನ ಡಬ್ಬಿಯಷ್ಟೇ ಬಿಡಿಯಾಗಿ ಸಿಗುತ್ತದೆ, ಅದನ್ನು ಹಾಕಿಸಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಕಂಪಾಸ್ ತೆಗೆದರೆ ಬೆಜೆಲ್ ತಿರುಗುತ್ತಲೇ ಇಲ್ಲ. ಎಣ್ಣೆ ಬಿಡಬಹುದೇ? — ಉಡುಪಿಯ ಓದುಗರು

ಉತ್ತರ: ಎಣ್ಣೆ ಬೇಡ, ತುಕ್ಕು ಬಿಡಿಸುವ ಸ್ಪ್ರೇ ಅಂತೂ ಬೇಡವೇ ಬೇಡ, ಪ್ಲಾಸ್ಟಿಕ್ ಬಿರುಕು ಬಿಡಬಹುದು, ಜಿಡ್ಡಿಗೆ ಮರಳು ಇನ್ನಷ್ಟು ಅಂಟುತ್ತದೆ. ಬಳೆಯ ಅಡಿಯಲ್ಲಿ ಉಪ್ಪು ಹರಳುಗಟ್ಟಿದೆ, ಅಷ್ಟೇ. ಉಗುರು ಬೆಚ್ಚಗಿನ ಸಿಹಿನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರೊಳಗೇ ಮೆಲ್ಲಗೆ ಅತ್ತಿತ್ತ ಅಲುಗಿಸಿ, ಹಳೆಯ ಟೂತ್‌ಬ್ರಷ್‌ನಿಂದ ಅಂಚು ತಿಕ್ಕಿ. ಬರಲಿಲ್ಲವೆಂದು ಇಕ್ಕಳ ಹಾಕಿ ತಿರುಗಿಸಲು ಹೋಗಬೇಡಿ, ಇನ್ನೊಂದು ದಿನ ನೆನೆಯಲು ಬಿಡಿ. ತಿರುಗಿದ ಮೇಲೆ ಒಣಗಿಸಿ ನೆರಳಿನಲ್ಲಿಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲಲ್ಲ.